ಬಾಣ ಜಾರಿದ ದಿನ: ದೂರದಲ್ಲಿ ಕುಳಿತು ಯಂತ್ರ ರಿಪೇರಿ ಮಾಡಿಸಿದ ಅನುಭವ

"ಮೇಡಂ, ಎಡಗಡೆ ಎಂದರೆ ನನ್ನ ಎಡವೋ, ಮೆಷಿನ್‌ನ ಎಡವೋ?"

2020ರ ಮೇ ತಿಂಗಳು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು, ಆದರೆ ಜಿಲ್ಲೆಯಿಂದ ಜಿಲ್ಲೆಗೆ ಓಡಾಡುವುದು ಇನ್ನೂ ಸಲೀಸಾಗಿರಲಿಲ್ಲ. ಪ್ರಶ್ನೆ ಕೇಳಿದವನು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ಮೇಂಟೆನೆನ್ಸ್ ಹುಡುಗ. ಐಟಿಐ ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ. ನಾನು ಬೆಂಗಳೂರಿನ ಪೀಣ್ಯದಲ್ಲಿ ಕುಳಿತು ಸಿಎನ್‌ಸಿ ಲೇತ್‌ಗಳ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರಗಳ ಸರ್ವಿಸ್ ನೋಡಿಕೊಳ್ಳುವವಳು. ನಡುವೆ ಐನೂರು ಕಿಲೋಮೀಟರ್. ಅದಕ್ಕೆ ಮೊದಲು ಇಂಥ ದೂರು ಬಂದರೆ ಟೂಲ್ ಬ್ಯಾಗ್ ಹೆಗಲಿಗೇರಿಸಿ ರಾತ್ರಿ ಬಸ್ ಹತ್ತುತ್ತಿದ್ದೆ. ಬೆಳಿಗ್ಗೆ ಇಳಿದು ನೋಡಿದರೆ ಎಷ್ಟೋ ಸಲ ಇಪ್ಪತ್ತು ನಿಮಿಷದ ಕೆಲಸ.

ಆ ದಿನ ವಿಡಿಯೊ ಕರೆಯಲ್ಲಿ ಒಂದೂವರೆ ಗಂಟೆ ಕಳೆಯಿತು. ಅದರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಾವಿಬ್ಬರೂ "ಅದಲ್ಲ, ಅದರ ಪಕ್ಕದ್ದು", "ಇದಾ?", "ಇನ್ನೂ ಸ್ವಲ್ಪ ಕೆಳಗೆ" ಎಂದೇ ಮಾತನಾಡಿದೆವು. ದೋಷ ಏನೆಂದು ನನಗೆ ಗೊತ್ತಿತ್ತು. ಸ್ಪ್ಯಾನರ್ ಹಿಡಿಯಲು ಅವನಿಗೂ ಗೊತ್ತಿತ್ತು. ನಡುವೆ ಇಲ್ಲದೇ ಹೋದದ್ದು ಬೆರಳು ಮಾಡಿ ತೋರಿಸುವ ಒಂದು ಕೈ ಮಾತ್ರ.

ಆ ಕೈಯನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್. ಕಣ್ಣೆದುರಿನ ನಿಜವಾದ ವಸ್ತುವಿನ ಮೇಲೆ ಗುರುತನ್ನೋ ಚಿತ್ರವನ್ನೋ ಕೂರಿಸುವ ತಂತ್ರ. ಬಹಳ ಜನ ಇದನ್ನು ಮಕ್ಕಳ ಆಟವೆಂದೇ ತಿಳಿದಿದ್ದಾರೆ. ಆದರೆ ಈ ಹೆಸರು ಬಳಕೆಗೆ ಬಂದದ್ದು ಬೋಯಿಂಗ್ ಕಂಪನಿಯಲ್ಲಿ. ವಿಮಾನದ ವೈರಿಂಗ್ ಜೋಡಿಸುವ ಕೆಲಸಗಾರರ ಕಣ್ಣಿಗೆ ದಾರಿ ತೋರಿಸಲು ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ 1992ರಲ್ಲಿ ಬರೆದ ಪ್ರಬಂಧದ ವಿಷಯ ಅದು. ಇದು ಕೈಕೆಲಸದವರಿಗಾಗಿಯೇ ಹುಟ್ಟಿದ್ದು ಎಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. 2017ರಲ್ಲಿ ಆ್ಯಪಲ್‌ನ ಎಆರ್‌ಕಿಟ್, 2018ರಲ್ಲಿ ಗೂಗಲ್‌ನ ಎಆರ್‌ಕೋರ್ ಬಂದ ಮೇಲೆ ಜೇಬಿನ ಮೊಬೈಲ್‌ಗೇ ಆ ಶಕ್ತಿ ಬಂತು.

ನಾವು ಬಳಸುವ ವಿಧಾನ ಹೀಗಿದೆ. ಅಲ್ಲಿನ ಹುಡುಗ ಮೊಬೈಲ್ ಕ್ಯಾಮೆರಾವನ್ನು ಯಂತ್ರದತ್ತ ಹಿಡಿಯುತ್ತಾನೆ. ಅವನು ನೋಡುವುದೇ ನನ್ನ ಪರದೆಯಲ್ಲೂ ಕಾಣುತ್ತದೆ. ನಾನು ಒಂದು ಬೋಲ್ಟಿನ ಮೇಲೆ ಬಾಣ ಬರೆದರೆ ಅವನ ಪರದೆಯಲ್ಲೂ ಅದೇ ಬೋಲ್ಟಿನ ಮೇಲೆ ಬಾಣ ಮೂಡುತ್ತದೆ. ಅವನು ಮೊಬೈಲನ್ನು ಆಚೀಚೆ ಸರಿಸಿದರೂ ಬಾಣ ಬೋಲ್ಟನ್ನು ಬಿಟ್ಟು ಹೋಗುವುದಿಲ್ಲ. ಕ್ಯಾಮೆರಾಗೆ ಕಾಣುವ ಮೂಲೆ, ಅಂಚು, ಚುಕ್ಕೆಗಳನ್ನು ಫೋನು ಸತತವಾಗಿ ಗುರುತಿಸುತ್ತಿರುತ್ತದೆ. ಒಳಗಿನ ಚಲನೆಯ ಸೆನ್ಸರ್‌ಗಳ ಲೆಕ್ಕವನ್ನೂ ಅದಕ್ಕೆ ಸೇರಿಸಿ, ತಾನು ಎಲ್ಲಿದ್ದೇನೆ, ಎತ್ತ ತಿರುಗಿದ್ದೇನೆ ಎಂದು ಅಂದಾಜು ಮಾಡಿಕೊಳ್ಳುತ್ತದೆ. ಬಾಣ ನಿಂತಿರುವುದು ಆ ಅಂದಾಜಿನ ಮೇಲೆ.

ಅಂದಾಜು ತಪ್ಪಿದರೆ ಬಾಣವೂ ತಪ್ಪುತ್ತದೆ. ಇದನ್ನು ನಾನು ಕಲಿತದ್ದು ಒಂದು ಟರೆಟ್ ಮುಂದೆ.

ಅದೇ ಕಾರ್ಖಾನೆ, ಅದೇ ಹುಡುಗ, ಕೆಲವು ತಿಂಗಳ ನಂತರ. ಟರೆಟ್ ಎಂದರೆ ಕಡೆಯುವ ಟೂಲ್‌ಗಳನ್ನು ಹಿಡಿದು, ಬೇಕಾದದ್ದನ್ನು ತಿರುಗಿಸಿ ಮುಂದೆ ತರುವ ಭಾಗ; ಇದು ಎಂಟು ಟೂಲಿನದು. ತಿರುಗುತ್ತದೆ, ಸರಿಯಾದ ಟೂಲಿಗೆ ಬಂದು ನಿಲ್ಲುತ್ತದೆ, ಆದರೆ ಲಾಕ್ ಆಗಿಲ್ಲ ಎಂದು ಅಲಾರಂ. ಹಿಂಬದಿಯ ಕವರ್ ತೆಗೆಸಿದೆ. ಒಳಗೆ ಒಂದರ ಪಕ್ಕ ಒಂದು, ಅವಳಿಗಳಂತಿರುವ ಎರಡು ಪ್ರಾಕ್ಸಿಮಿಟಿ ಸೆನ್ಸರ್, ಅಂದರೆ ಲೋಹ ಹತ್ತಿರ ಬಂದದ್ದನ್ನು ಮುಟ್ಟದೆಯೇ ಗುರುತಿಸುವಂಥವು. ಒಂದು ಲಾಕ್ ಆದದ್ದನ್ನು ಹೇಳುವಂಥದ್ದು, ಇನ್ನೊಂದು ಪ್ರಿ-ಇಂಡೆಕ್ಸ್. ಟರೆಟ್ ಎಲ್ಲಿ ತಡೆಯಬೇಕೆಂಬುದು ಈ ಎರಡನೆಯದರ ಮೇಲೆ ನಿಂತಿದೆ. ಕಂಪನಕ್ಕೆ ಲಾಕಿಂಗ್ ಸೆನ್ಸರ್‌ನ ನಟ್ ಸಡಿಲಗೊಂಡು ಸೆನ್ಸರ್ ಹಿಂದೆ ಸರಿದಿತ್ತು. ಯಂತ್ರಕ್ಕೆ ವಿದ್ಯುತ್ ಇದ್ದಾಗ ಅದರ ಬೆನ್ನಿನ ಪುಟ್ಟ ಎಲ್ಇಡಿ ಹೊತ್ತಿಕೊಳ್ಳದಿರುವುದನ್ನು ನನ್ನ ಪರದೆಯಲ್ಲೇ ನೋಡಿದೆ. ಕಂಟ್ರೋಲರ್‌ನ ಡಯಾಗ್ನೋಸಿಸ್ ಪುಟದಲ್ಲೂ ಅದರ ಇನ್‌ಪುಟ್ ಸೊನ್ನೆ. ಲಾಕಿಂಗ್ ಸೆನ್ಸರ್ ಮೇಲೆ ಬಾಣ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿಸಿ, "ಈ ನಟ್ ಬಿಚ್ಚಿ" ಎಂದೆ.

ಅವನು ಸ್ಪ್ಯಾನರ್ ತರಲು ಮೊಬೈಲನ್ನು ಪಕ್ಕಕ್ಕಿಟ್ಟು ಮತ್ತೆ ಎತ್ತಿದ. ಎಣ್ಣೆ ಮೆತ್ತಿ ಹೊಳೆಯುವ ಲೋಹ, ಮೇಲೆ ಟ್ಯೂಬ್‌ಲೈಟ್‌ನ ಪ್ರತಿಫಲನ. ಮೊಬೈಲ್ ಸರಿದ ಹಾಗೆ ಪ್ರತಿಫಲನವೂ ಸರಿಯುತ್ತದೆ, ಫೋನು ಅದನ್ನೇ ಒಂದು ಗುರುತೆಂದು ಹಿಡಿದುಕೊಳ್ಳುತ್ತದೆ. ಬಾಣ ಎರಡು ಬೆರಳಿನಷ್ಟು ಜಾರಿ ಪ್ರಿ-ಇಂಡೆಕ್ಸ್ ಸೆನ್ಸರ್ ಮೇಲೆ ಹೋಗಿ ಕುಳಿತಿತ್ತು. ನೆಟ್‌ವರ್ಕ್ ತೊಡಕಿನಿಂದ ನನ್ನ ಚಿತ್ರ ಮಾತ್ರ ಹಳೆಯದರಲ್ಲೇ ನಿಂತಿತ್ತು. ಸ್ಪ್ಯಾನರ್ ತಪ್ಪು ನಟ್ ಮೇಲೆ ಕೂತದ್ದು ನನಗೆ ಕಾಣುವಷ್ಟರಲ್ಲಿ ಅವನು ಕಾಲು ಸುತ್ತು ತಿರುಗಿಸಿಯಾಗಿತ್ತು. "ನಿಲ್ಲಿಸಿ!" ಎಂದು ಕಿರುಚಿದೆ. ಒಳ್ಳೆಯ ಸ್ಥಿತಿಯಲ್ಲಿದ್ದ ಆ ಸೆನ್ಸರ್‌ನ ಗ್ಯಾಪ್ ಅನ್ನು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಮತ್ತೆ ಸರಿಪಡಿಸಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು.

ಅವನ ತಪ್ಪೇನೂ ಇರಲಿಲ್ಲ. ಬಾಣ ಹೇಳಿದ್ದನ್ನು ಮಾಡಿದ. ನನ್ನನ್ನು ಕಾಡಿದ್ದು ಅದೇ. ಮೊದಲ ದಿನ "ನನ್ನ ಎಡವೋ, ಮೆಷಿನ್‌ನ ಎಡವೋ" ಎಂದು ಕೇಳಿದ ಹುಡುಗ ಬಾಣ ಬಂದ ಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದ. ನಾನೂ ಸೆನ್ಸರ್‌ನ ಹೆಸರು ಹೇಳುವುದನ್ನು ಬಿಟ್ಟು "ಈ ನಟ್" ಎಂದು ಮುಗಿಸಿದ್ದೆ.

ಅಂದಿನಿಂದ ನಮ್ಮ ತಂಡದಲ್ಲಿ ಒಂದು ಪದ್ಧತಿ ಬಂತು. ಬಾಣ ಬಿದ್ದ ಮೇಲೆ ಅಲ್ಲಿರುವವರು ಆ ಭಾಗದ ಮೇಲೆ ತಮ್ಮ ಬೆರಳನ್ನಿಟ್ಟು ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. "ಲಾಕಿಂಗ್ ಸೆನ್ಸರ್, ಕೇಬಲ್ ಟ್ಯಾಗ್ ಇಂತಿಷ್ಟು." ಇಲ್ಲಿಂದ ನಾವು "ಹೌದು" ಎಂದ ಮೇಲೆಯೇ ಸ್ಪ್ಯಾನರ್. ನೋಡುವಾಗ ವಿದ್ಯುತ್ ಇರಬಹುದು. ಕೈ ಹಾಕುವಾಗ ಮೇನ್ ಸ್ವಿಚ್ ಆಫ್, ಬೀಗ ಹಾಕಿ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಅಷ್ಟು ದೂರದಲ್ಲಿ ಕುಳಿತವಳಿಗೆ ಯಾರಾದರೂ ಬಂದು ಸ್ವಿಚ್ ಹಾಕುವುದು ಕಾಣುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಅವಸರಕ್ಕೂ ಬಗ್ಗುವುದಿಲ್ಲ.

ಬಾಣ ಜಾರದಂತೆ ಮಾಡುವ ಉಪಾಯ ಕಾರ್ಖಾನೆಯಲ್ಲೇ ಸಿಕ್ಕಿತು. ಆಯುಧಪೂಜೆಯಲ್ಲಿ ಕುಂಕುಮ, ವಿಭೂತಿ ಹಚ್ಚಿದ್ದ ಕವರ್‌ಗಳ ಹತ್ತಿರ ಬಾಣ ಅಲುಗಾಡುತ್ತಲೇ ಇರಲಿಲ್ಲ. ನುಣುಪಾದ ಬಣ್ಣದ ಮೇಲೆ ಆ ಗೆರೆ, ಚುಕ್ಕೆಗಳೇ ಫೋನಿಗೆ ಹಿಡಿತವಾಗಿದ್ದವು. ಆಗಿನಿಂದ ಕೆಲಸದ ಜಾಗವನ್ನು ವೇಸ್ಟ್ ಬಟ್ಟೆಯಿಂದ ಒರೆಸಿ, ಮಾಸ್ಕಿಂಗ್ ಟೇಪಿನ ತುಂಡುಗಳ ಮೇಲೆ ಮಾರ್ಕರ್‌ನಲ್ಲಿ ಅಡ್ಡಾದಿಡ್ಡಿ ಗೀಚಿ ಸುತ್ತ ಅಂಟಿಸಲು ಹೇಳುತ್ತೇನೆ. ಗೀಚು ಒಂದರಂತೆ ಒಂದು ಇರಬಾರದು. ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿದರೆ ಹೊಳಪು ಕಡಿಮೆಯಾಗುತ್ತದೆ.

ಮೊಬೈಲ್ ಹಿಡಿದ ಕೈ ಕೆಲಸಕ್ಕೆ ಬರುವುದಿಲ್ಲ ಎಂಬುದು ಇನ್ನೊಂದು ತೊಂದರೆ. ಇದಕ್ಕೆ ಉತ್ತರ ಎಲ್ಲ ಮೆಷಿನ್ ಶಾಪ್‌ನಲ್ಲೂ ಇರುವ ಡಯಲ್ ಗೇಜ್‌ನ ಮ್ಯಾಗ್ನೆಟಿಕ್ ಸ್ಟ್ಯಾಂಡ್. ಅದಕ್ಕೊಂದು ಮೊಬೈಲ್ ಕ್ಲಿಪ್ ಸಿಕ್ಕಿಸಿದರೆ ಯಂತ್ರದ ಮೈಗೇ ಕಚ್ಚಿಕೊಂಡು ನಿಲ್ಲುತ್ತದೆ. ತಗಡಿನ ಶೆಡ್‌ನೊಳಗೆ ಸಿಗ್ನಲ್ ಕೈಕೊಟ್ಟಾಗ ಚಲಿಸುವ ಚಿತ್ರದ ಹಂಬಲ ಬಿಟ್ಟು, ಒಂದು ಸ್ಥಿರಚಿತ್ರ ತೆಗೆದು ಅದರ ಮೇಲೆಯೇ 1, 2, 3 ಎಂದು ಬರೆದು ಕಳುಹಿಸುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಕೆಲಸದ ದೊಡ್ಡ ಪಾಲು ಈಗ ಹೀಗೆಯೇ ಮುಗಿಯುತ್ತದೆ.

ಗುರುತುಗಳನ್ನು ಕಣ್ಣೆದುರೇ ತೋರಿಸುವ ಎಆರ್ ಕನ್ನಡಕಗಳನ್ನೂ ಎರಡು ವಾರ ಎರವಲು ತಂದು ನೋಡಿದೆವು. ಎರಡೂ ಕೈ ಬಿಡುವಾಗುವುದು ದೊಡ್ಡ ಲಾಭ. ಹೊಸ ಯಂತ್ರ ಕೂರಿಸುವಂಥ ದೀರ್ಘ ಕೆಲಸಕ್ಕೆ ಚೆನ್ನ. ಆದರೆ ಬೇಸಿಗೆಯ ಶೆಡ್‌ನಲ್ಲಿ ಬೆವರು, ಕೂಲಂಟ್‌ನ ಹನಿ, ಎಣ್ಣೆಗೈಯ ಸನ್ನೆ ಅದಕ್ಕೆ ತಿಳಿಯದಿರುವುದು, ಇವೆಲ್ಲ ಸೇರಿ ಹುಡುಗರು ಅದನ್ನು ತೆಗೆದಿಟ್ಟರು. ಮೈಕ್ರೋಸಾಫ್ಟ್‌ನ ಇಂಥ ಕನ್ನಡಕ ಹೊಲೊಲೆನ್ಸ್ 2ರ ಬೆಲೆ 3,500 ಡಾಲರ್ ಇತ್ತು, 2024ರಲ್ಲಿ ಅದರ ತಯಾರಿಕೆಯೇ ನಿಂತಿತು. ಗೂಗಲ್ ಗ್ಲಾಸ್‌ನ ಉದ್ಯಮ ಆವೃತ್ತಿಯ ಮಾರಾಟ 2023ರಲ್ಲೇ ನಿಂತಿತ್ತು. ಸಣ್ಣ ಕಾರ್ಖಾನೆಯವರು ಸಲಹೆ ಕೇಳಿದರೆ, ಇರುವ ಮೊಬೈಲ್‌ನಿಂದಲೇ ಶುರು ಮಾಡಿ ಎನ್ನುತ್ತೇನೆ. ಕ್ಯಾಮೆರಾ ತೆರೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯಿರಿ, ಗ್ರಾಹಕರ ಡ್ರಾಯಿಂಗ್‌ಗಳನ್ನು ಮಡಚಿಡಿಸಿ.

ಈ ವ್ಯವಸ್ಥೆಗೆ ಇಂದಿಗೂ ದಕ್ಕದಿರುವುದು ಯಂತ್ರದ ಸದ್ದು. ಕರೆಯ ಆ್ಯಪ್‌ಗಳು ಮಾತನ್ನು ಉಳಿಸಿಕೊಂಡು ಹಿನ್ನೆಲೆಯ ಗದ್ದಲವನ್ನು ಸೋಸಿಬಿಡುತ್ತವೆ. ನನಗೆ ಬೇಕಾದದ್ದೇ ಆ ಗದ್ದಲ! ಸೆಟ್ಟಿಂಗ್‌ನಲ್ಲಿ ಸೋಸುವಿಕೆಯನ್ನು ಆಫ್ ಮಾಡಿಸುತ್ತೇನೆ, ಆಗದಿದ್ದರೆ ಮೊಬೈಲ್‌ನ ರೆಕಾರ್ಡರ್‌ನಲ್ಲಿ ಬೇರೆಯಾಗಿ ಧ್ವನಿ ಮುದ್ರಿಸಿ ಕಳುಹಿಸಲು ಹೇಳುತ್ತೇನೆ.

ಕಳೆದ ಸೋಮವಾರ ಬೆಳಗಾವಿಯ ಆ ಹುಡುಗ ಸ್ಪಿಂಡಲ್‌ನ, ಅಂದರೆ ಕಡೆಯುವ ಲೋಹವನ್ನು ಹಿಡಿದು ತಿರುಗಿಸುವ ದಂಡದ, ಅಂಥದೊಂದು ಧ್ವನಿ ಮುದ್ರಣ ಕಳುಹಿಸಿದ. ಆ ದಂಡ ಕೂತಿರುವ ಭಾಗವೇ ಹೆಡ್‌ಸ್ಟಾಕ್. ಜೊತೆಗೆ, "ಹೆಡ್‌ಸ್ಟಾಕ್ ಮುಂಭಾಗ ಕೈ ಇಟ್ಟರೆ ಬಿಸಿ ಜಾಸ್ತಿ ಇದೆ ಮೇಡಂ, 2,000 ಆರ್‌ಪಿಎಂ ದಾಟಿದ ಮೇಲೆ ಒಂದು ಅದುರು ಬರುತ್ತಿದೆ. ಮುಂದಿನ ಬೇರಿಂಗ್ ಇರಬೇಕು" ಎಂದು ಬರೆದಿದ್ದ. ಮುದ್ರಣವನ್ನು ಮೂರು ಸಲ ಕೇಳಿದೆ. ಅವನ ಅನುಮಾನವೇ ನನಗೂ ಬಂತು. ಇದು ಬಾಣ ಹಾಕಿ ಮಾಡಿಸುವ ಕೆಲಸವಲ್ಲ. ಗುರುವಾರ ರಾತ್ರಿಯ ಬಸ್‌ಗೆ ಟಿಕೆಟ್ ತೆಗೆಸಿದ್ದೇನೆ.