ಜರ್ಮನ್ ಭಾಷೆಗಾಗಿ ದುಡಿದವರನ್ನು ಗೌರವಕ್ಕೆ ಸೂಚಿಸುವುದು ಹೇಗೆ?

ಜರ್ಮನ್ ಕಲಿಸುತ್ತಲೋ, ಆ ಭಾಷೆಯ ಸಾಹಿತ್ಯವನ್ನು ಅನುವಾದಿಸುತ್ತಲೋ, ಕಲಾವಿದರ ಹೋಗಿಬರುವಿಕೆಗೆ ದಾರಿ ಮಾಡಿಕೊಡುತ್ತಲೋ ದಶಕಗಳನ್ನು ಕಳೆದ ವಿದೇಶಿಯರನ್ನು ಗೌರವಿಸಲು ಜರ್ಮನಿಯಲ್ಲಿ ಹಲವು ಪ್ರಶಸ್ತಿಗಳಿವೆ. ಇಂಥ ಕೆಲಸ ಹೆಚ್ಚಾಗಿ ತರಗತಿಯ ಒಳಗೆ, ಬರೆಯುವ ಮೇಜಿನ ಮೇಲೆ ನಡೆಯುವುದರಿಂದ, ಬಲ್ಲವರು ಬರೆದು ತಿಳಿಸದ ಹೊರತು ಅದು ಆಯ್ಕೆಗಾರರ ಗಮನಕ್ಕೆ ಬರುವುದು ಕಷ್ಟ.

ಮೊದಲು ಯಾವ ಗೌರವಕ್ಕೆ ಸೂಚಿಸಬೇಕೆಂಬುದನ್ನು ನಿರ್ಧರಿಸಿಕೊಳ್ಳಿ. ಜರ್ಮನ್ ಭಾಷೆ, ಸಂಸ್ಕೃತಿಗಳನ್ನು ಜಗತ್ತಿನಾದ್ಯಂತ ಪ್ರಸಾರ ಮಾಡುವ ಗಯಟೆ ಸಂಸ್ಥೆ 1954ರಲ್ಲಿ ಸ್ಥಾಪಿಸಿದ ಗಯಟೆ ಪದಕಕ್ಕೆ 1975ರಿಂದ ಜರ್ಮನಿಯ ಅಧಿಕೃತ ಗೌರವಪದಕದ ಮಾನ್ಯತೆಯಿದೆ. ಜರ್ಮನ್ ಕೃತಿಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತ ಬಂದ ಕೋಲ್ಕತ್ತಾದ ಪ್ರಕಾಶಕ ನವೀನ್ ಕಿಶೋರ್ ಅವರಿಗೆ 2013ರಲ್ಲಿ, ಬೆಂಗಳೂರಿನ ರಂಗಸಂಸ್ಥೆ ಸ್ಯಾಂಡ್‌ಬಾಕ್ಸ್ ಕಲೆಕ್ಟಿವ್‌ನ ನಿಮಿ ರವೀಂದ್ರನ್ ಮತ್ತು ಶಿವ ಪಾಠಕ್ ಅವರಿಗೆ 2022ರಲ್ಲಿ ಅದು ಸಂದಿದೆ. ರಂಗಭೂಮಿಯವರೂ ಇದಕ್ಕೆ ಅರ್ಹರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಪದಕಕ್ಕೆ ಹೆಸರು ಸೂಚಿಸುವವರು ವಿವಿಧ ದೇಶಗಳಲ್ಲಿರುವ ಗಯಟೆ ಸಂಸ್ಥೆಗಳು. ಜರ್ಮನ್ ರಾಯಭಾರ ಕಚೇರಿಗಳೊಡನೆ ಸಮಾಲೋಚಿಸಿ ಅವು ಹೆಸರು ಕಳಿಸುತ್ತವೆ. ಆದ್ದರಿಂದ ನೀವು ಮಾಡಬಹುದಾದದ್ದು, ಹತ್ತಿರದ ಮ್ಯಾಕ್ಸ್ ಮುಲ್ಲರ್ ಭವನದ (ಭಾರತದಲ್ಲಿ ಗಯಟೆ ಸಂಸ್ಥೆಗಿರುವ ಹೆಸರು) ಗಮನ ಸೆಳೆಯುವುದು. ವಿಶ್ವವಿದ್ಯಾಲಯದ ವಿದ್ವಾಂಸರಾದರೆ, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿ, ಜರ್ಮನ್ ಭಾಷೆ-ಸಾಹಿತ್ಯದ ವಿದೇಶಿ ವಿದ್ವಾಂಸರಿಗೆ ಕೊಡುವ ಗ್ರಿಮ್ ಪ್ರಶಸ್ತಿ ಹೆಚ್ಚು ಹೊಂದುತ್ತದೆ.

ಸಾಮಾನ್ಯ ನಾಗರಿಕರು ನೇರವಾಗಿ ಹೆಸರು ಸೂಚಿಸಬಹುದಾದದ್ದು, ಜರ್ಮನಿಯ ಅಂದಿನ ಅಧ್ಯಕ್ಷ ಥಿಯೋಡೋರ್ ಹೊಯ್ಸ್ 1951ರಲ್ಲಿ ಸ್ಥಾಪಿಸಿದ, ಆ ದೇಶದ ಸರ್ಕಾರಿ ಗೌರವವಾದ ಆರ್ಡರ್ ಆಫ್ ಮೆರಿಟ್. ಯಾರು ಬೇಕಾದರೂ ಇನ್ನೊಬ್ಬರ ಹೆಸರನ್ನು ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಸೂಚಿಸುವಂತಿಲ್ಲ. ನಗದು ಬಹುಮಾನವಿಲ್ಲ, ಮರಣೋತ್ತರವಾಗಿ ಕೊಡುವ ಪದ್ಧತಿಯೂ ಇಲ್ಲ. ಹಿರಿಯರೊಬ್ಬರ ಬಗ್ಗೆ ಬರೆಯಬೇಕೆಂದಿದ್ದರೆ ತಡಮಾಡದೆ ಬರೆಯಿರಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ನಂತರದ್ದು ಪತ್ರ, ಹೆಚ್ಚಿನ ಶ್ರಮ ಬೇಕಾದದ್ದು ಇಲ್ಲಿಯೇ. ಪೂರ್ಣ ಹೆಸರು, ಜನ್ಮದಿನಾಂಕ, ಪೌರತ್ವ, ವಿಳಾಸ, ಸಂಕ್ಷಿಪ್ತ ಜೀವನ ವಿವರದ ಬಳಿಕ ಸಾಧನೆಯನ್ನು ಬಿಡಿಬಿಡಿಯಾಗಿ ವಿವರಿಸಿ. "ಅವರು ಮಹಾನ್ ವಿದ್ವಾಂಸರು" ಎಂದರೆ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ಯಾವ ವರ್ಷ ಯಾವ ಕಾಲೇಜಿನಲ್ಲಿ ಜರ್ಮನ್ ತರಗತಿ ಆರಂಭಿಸಿದರು, ಯಾವ ಕೃತಿಗಳನ್ನು ಅನುವಾದಿಸಿದರು, ಅವರ ಶಿಷ್ಯರಲ್ಲಿ ಯಾರು ಇಂದು ಅದೇ ಭಾಷೆಯನ್ನು ಕಲಿಸುತ್ತಿದ್ದಾರೆ ಎಂದು ಬರೆದರೆ ಚಿತ್ರ ಮೂಡುತ್ತದೆ. ಸಂಬಳದ ಕೆಲಸವನ್ನೂ ಮೀರಿ ಅವರು ಮಾಡಿದ್ದೇನೆಂಬುದನ್ನು ಮರೆಯದೆ ಸೇರಿಸಿ: ಸಂಜೆಯ ಉಚಿತ ಪಾಠ, ವಿದ್ಯಾರ್ಥಿ ವಿನಿಮಯಕ್ಕಾಗಿ ನಡೆಸಿದ ಪತ್ರವ್ಯವಹಾರ ಮುಂತಾದವು ಇಂಥ ಗೌರವದ ವಿಷಯದಲ್ಲಿ ಬಹಳ ತೂಕದವು. ಈ ಸಂಗತಿಗಳನ್ನು ದೃಢಪಡಿಸಬಲ್ಲ ಒಬ್ಬಿಬ್ಬರ ಹೆಸರನ್ನೂ ಕೊಡಿ. ಸಹಿ ಸಂಗ್ರಹದ ಅಗತ್ಯವಿಲ್ಲ.

ಜರ್ಮನಿಯ ಹೊರಗೆ ನೆಲೆಸಿರುವ ವಿದೇಶಿಯರ ವಿಷಯವನ್ನು ಆ ದೇಶದ ವಿದೇಶಾಂಗ ಸಚಿವಾಲಯ ಪರಿಶೀಲಿಸುವುದರಿಂದ, ಕರ್ನಾಟಕದವರು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಜನರಲ್ ಕಚೇರಿಯನ್ನು ಸಂಪರ್ಕಿಸಬಹುದು. ಪರಿಶೀಲನೆಗೆ ತಿಂಗಳುಗಟ್ಟಲೆ ಸಮಯ ಹಿಡಿಯಬಹುದು. ಅಷ್ಟರವರೆಗೆ ವಿಷಯವನ್ನು ನೀವು ಯಾರ ಹೆಸರು ಸೂಚಿಸಿದ್ದೀರೋ ಅವರಿಗೆ ತಿಳಿಸದಿರುವುದು ಒಳ್ಳೆಯದು, ಏಕೆಂದರೆ ಸೂಚಿಸಿದ ಹೆಸರುಗಳೆಲ್ಲವೂ ಆಯ್ಕೆಯಾಗುವುದಿಲ್ಲ. ಸರ್ಕಾರಿ ಸೇವೆಯಲ್ಲಿರುವವರಾದರೆ, ಗೌರವ ಸ್ವೀಕರಿಸುವ ಮುನ್ನ ಅವರು ತಮ್ಮ ಇಲಾಖೆಯ ಸೇವಾ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ಕೊನೆಯ ತೀರ್ಮಾನ ಜರ್ಮನಿಯ ಅಧ್ಯಕ್ಷರದು.