ಮುಟ್ಟಿನ ನಡುವೆ ಬರುವ ರಕ್ತದ ಕಲೆ: ಕ್ಯಾಲೆಂಡರ್ ಹಿಡಿದು ಕಾರಣ ಹುಡುಕಿದ ನನ್ನ ಅನುಭವ

ಮುಟ್ಟು ಮುಗಿದು ಎಷ್ಟೋ ದಿನ ಆದ ಮೇಲೆ ಒಳಉಡುಪಿನಲ್ಲಿ ಒಂದು ಸಣ್ಣ ಕಲೆ. ಪ್ಯಾಡ್ ಹಾಕುವಷ್ಟೇನೂ ಇಲ್ಲ. ಮರುದಿನ ನೋಡಿದರೆ ಮಾಯ. ಮೂವತ್ತೇಳು ದಾಟಿದ ಮೇಲೆ ನನಗೆ ಇದು ಆಗಾಗ ಕಾಣಿಸತೊಡಗಿತು. ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಉತ್ತರ: ಉಷ್ಣ. ಎಳನೀರು ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ. ಕುಡಿದೆ. ಎಳನೀರು ಯಾರಿಗೆ ಬೇಡ? ಆದರೆ ಕಲೆ ಅದರ ಪಾಡಿಗೆ ಬರುತ್ತಲೇ ಇತ್ತು.

ಡಾಕ್ಟರ ಹತ್ತಿರ ಹೋಗಿ "ಯಾವಾಗಲೋ ಒಮ್ಮೆ ಸ್ವಲ್ಪ ಆಗುತ್ತೆ" ಅಂದರೆ ಅವರಾದರೂ ಏನು ಹೇಳಬೇಕು? ಅದಕ್ಕೇ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕೋಕೆ ಶುರು ಮಾಡಿದೆ. ಫೋನಿನಲ್ಲಿ ಆ್ಯಪ್ ಇದ್ದರೂ ನನಗೆ ಗೋಡೆಯೇ ಇಷ್ಟ, ತಿಂಗಳು ಪೂರ್ತಿ ಒಟ್ಟಿಗೆ ಕಣ್ಣಿಗೆ ಬೀಳುತ್ತೆ. ಮುಟ್ಟಿನ ದಿನಕ್ಕೆ ತುಂಬಿದ ಚುಕ್ಕಿ, ಬರೀ ಕಲೆ ಕಂಡ ದಿನಕ್ಕೆ ಖಾಲಿ ಸೊನ್ನೆ. ಪಕ್ಕದಲ್ಲಿ ಬಣ್ಣ: ಗುಲಾಬಿಯೋ, ಕೆಂಪೋ, ಕಂದೋ. ಕೆಳಹೊಟ್ಟೆ ನೋವಿದ್ದರೆ ಎಡ ಅಥವಾ ಬಲ. ಗಂಡ ಹೆಂಡತಿ ಕೂಡಿದ ದಿನಕ್ಕೆ ಒಂದು ಗೀಟು. ನಮ್ಮ ಅತ್ತೆ ಆ ಗೀಟುಗಳನ್ನು ಹಾಲಿನ ಲೆಕ್ಕ ಅಂದುಕೊಂಡು, "ಈ ತಿಂಗಳು ಇಷ್ಟೇ ದಿನ ಹಾಲು ತಗೊಂಡಿದ್ದೇನಮ್ಮಾ?" ಅಂತ ಕೇಳಿದ್ದರು. ಹೌದತ್ತೆ ಅಂದೆ.

ಗುರುತು ಹಾಕುವ ಮೊದಲು ರಕ್ತ ಎಲ್ಲಿಂದ ಬರುತ್ತಿದೆ ಅನ್ನೋದು ಖಾತ್ರಿಯಾಗಬೇಕು. ಉರಿಮೂತ್ರ ಇದ್ದಾಗ ಮೂತ್ರದಲ್ಲಿ, ಮೂಲವ್ಯಾಧಿ ಇದ್ದಾಗ ಹಿಂದಿನಿಂದ ಬಂದ ರಕ್ತವೂ ಬಟ್ಟೆಯ ಮೇಲೆ ಹೀಗೇ ಕಾಣುತ್ತೆ. ಹತ್ತಿಯಿಂದ ಮುಂದೆ, ನಡುವೆ, ಹಿಂದೆ ಬೇರೆ ಬೇರೆಯಾಗಿ ಒರೆಸಿ ನೋಡಿದರೆ ತಿಳಿಯುತ್ತೆ.

ಆಮೇಲೆ ಎಣಿಕೆ. ಮುಟ್ಟಿನ ಮೊದಲ ದಿನವೇ ಒಂದನೇ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನ ಆಗುವುದು ದೊಡ್ಡವರಲ್ಲಿ ಸಾಮಾನ್ಯ. ನನ್ನದು 31, 32 ಆಗುತ್ತೆ. ಅಂಡ ಬಿಡುಗಡೆ ಆಗುವುದು ಹದಿನಾಲ್ಕನೇ ದಿನ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು 28 ದಿನದ ಚಕ್ರದ ಲೆಕ್ಕ. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಸುಮಾರು 14 ದಿನ ಎಣಿಸುವುದೇ ವಾಸಿ. ಹಾಗೆ ಎಣಿಸಿದರೆ ನನ್ನದು ಹದಿನೇಳೋ ಹದಿನೆಂಟನೆಯದೋ ಆಗುತ್ತೆ.

ಕೆಲವು ತಿಂಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದೆ. ಸೊನ್ನೆಗಳು ಎರಡು ಥರ ಇದ್ದವು. ಒಂದಷ್ಟು ಸರಿಯಾಗಿ ಆ ಹದಿನೇಳು ಹದಿನೆಂಟರ ಆಸುಪಾಸಿನಲ್ಲೇ. ತಿಳಿ ಗುಲಾಬಿ ಬಣ್ಣ, ಮೊಟ್ಟೆಯ ಬಿಳಿಯ ಹಾಗೆ ಜಾರುವ ಸ್ರಾವದ ಜೊತೆ, ಒಂದೇ ಕಡೆ ಸಣ್ಣಗೆ ನೋವು. ಅಂಡ ಹೊರಬರುವ ಹೊತ್ತಿಗೆ ಏರಿದ್ದ ಈಸ್ಟ್ರೋಜನ್ ಅನ್ನೋ ಹಾರ್ಮೋನು ಒಮ್ಮೆ ಇಳಿಯುತ್ತೆ. ಆಗ ಗರ್ಭಕೋಶದ ಒಳಪದರ ಚೂರು ಸಡಿಲವಾಗಿ ಇಷ್ಟು ರಕ್ತ ಬರಬಹುದು. ಒಂದೆರಡು ದಿನದಲ್ಲಿ ನಿಂತರೆ ಔಷಧಿ ಬೇಡ.

ಇನ್ನೊಂದು ಥರದ ಸೊನ್ನೆಗಳಿಗೆ ತಾರೀಖಿನ ಹಂಗೇ ಇರಲಿಲ್ಲ. ಕಡುಕೆಂಪು ಬಣ್ಣ, ನೋವಿಲ್ಲ. ನೋಡಿದರೆ ಪ್ರತಿಯೊಂದರ ಹಿಂದೆಯೂ ಒಂದು ಗೀಟು! ಕೂಡಿದ ಮೇಲೆ ಮತ್ತೆ ಮತ್ತೆ ರಕ್ತ ಕಂಡರೆ ಗರ್ಭಕೋಶದ ಬಾಯಿಯನ್ನು ತೋರಿಸಲೇಬೇಕು. ಅಲ್ಲಿನ ಸೋಂಕಿನಿಂದ ಆಗಿರಬಹುದು, ಪಾಲಿಪ್ ಅಂದರೆ ಸಣ್ಣ ಮಾಂಸದ ಬೆಳವಣಿಗೆ ಇರಬಹುದು, ಕೆಲವರಲ್ಲಿ ಕ್ಯಾನ್ಸರಿನ ಮೊದಲ ಸೂಚನೆಯೂ ಇದೇ. ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಡಾಕ್ಟರು ಹಾಳೆ ನೋಡಿ ನಕ್ಕರು, ಆದರೆ ಪೂರ್ತಿ ಓದಿದರು. ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಗರ್ಭ ನಿಂತಿದೆಯಾ ನೋಡೋಣ ಅಂದರು. "ಮೇಡಂ, ನನಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ" ಅಂದೆ. ಆಪರೇಷನ್ ಆದವರಲ್ಲಿ ಗರ್ಭ ನಿಲ್ಲುವುದು ಅಪರೂಪ, ಆದರೆ ನಿಂತರೆ ಅದು ಗರ್ಭಕೋಶದ ಬದಲು ಅಂಡನಾಳದಲ್ಲೇ ಕೂತಿರುವ ಸಾಧ್ಯತೆ ಜಾಸ್ತಿ, ಅದು ಒಡೆದರೆ ಜೀವಕ್ಕೇ ಕುತ್ತು ಅಂತ ವಿವರಿಸಿದರು. ಆಪರೇಷನ್ ಆಯ್ತಲ್ಲ ಅಂತ ನಾವು ಈ ಪರೀಕ್ಷೆಯನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ, ಅಲ್ವಾ? ಮುಟ್ಟು ತಪ್ಪಿ ಕಲೆ ಕಂಡು, ಒಂದು ಕಡೆ ಜೋರು ಹೊಟ್ಟೆನೋವು, ತಲೆಸುತ್ತು ಬಂದರೆ ಕ್ಯಾಲೆಂಡರ್ ಗೀಚುತ್ತಾ ಕೂರಬಾರದು. ಆಗಲೇ ಆಸ್ಪತ್ರೆಗೆ ಓಡಬೇಕು.

ನನ್ನದು ನೆಗೆಟಿವ್ ಬಂತು. ಆಮೇಲೆ ಒಳಗೆ ಅಗಲಿಸಿ ನೋಡುವ ಸ್ಪೆಕ್ಯುಲಮ್ ಅನ್ನೋ ಸಾಧನ ಹಾಕಿ ನೋಡಿದರು. ಉಸಿರು ಬಿಗಿ ಹಿಡಿದರೆ ನೋವು ಜಾಸ್ತಿ, ನಿಧಾನವಾಗಿ ಬಾಯಿಂದ ಉಸಿರು ಬಿಟ್ಟರೆ ತಡೆದುಕೊಳ್ಳಬಹುದು. ಗರ್ಭಕೋಶದ ಬಾಯಲ್ಲಿ ಒಂದು ಚಿಕ್ಕ ಕೆಂಪು ಪಾಲಿಪ್ ತೂಗುತ್ತಿತ್ತು. ತಾಗಿದರೆ ಸಾಕು, ರಕ್ತ. ಕ್ಯಾನ್ಸರಿನ ಸುಳಿವು ಇದೆಯಾ ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆಗೆ ಅಲ್ಲಿನ ಜೀವಕೋಶ ಒರೆಸಿ ತೆಗೆದುಕೊಂಡು, ಪಾಲಿಪ್ಪನ್ನು ಅಲ್ಲೇ ಇಕ್ಕುಳದಲ್ಲಿ ಹಿಡಿದು ತಿರುಚಿ ತೆಗೆದರು. ಅರಿವಳಿಕೆ ಕೊಡಲಿಲ್ಲ, ಮುಟ್ಟಿನ ನೋವಿನಷ್ಟೇ ಹಿಡಿದುಕೊಂಡಿತು. ಇಂಥ ಪಾಲಿಪ್ ಹೆಚ್ಚಿನ ಪಾಲು ನಿರಪಾಯ, ಆದರೂ ಲ್ಯಾಬಿಗೆ ಕಳಿಸುವುದು ಕ್ರಮ. ನನ್ನ ವರದಿಗಳೆರಡೂ ಸರಿಯಾಗಿ ಬಂದವು. ಗೀಟಿನ ಹಿಂದೆ ಬರುತ್ತಿದ್ದ ಸೊನ್ನೆಗಳು ನಿಂತವು. ತಿಂಗಳ ನಡುವಿನವು ಈಗಲೂ ಒಮ್ಮೊಮ್ಮೆ ಬರುತ್ತವೆ, ಬಂದು ಹೋಗುತ್ತವೆ.

ಎಲ್ಲರಿಗೂ ನನ್ನದೇ ಕಾರಣ ಇರೋದಿಲ್ಲ. ನನ್ನ ತಂಗಿ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ನಿಲ್ಲದಿರಲು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ತಗೊಂಡಾಗ ಅವಳಿಗೆ ಅಲ್ಲೊಂದು ಇಲ್ಲೊಂದು ದಿನ ಕಲೆ ಇದ್ದೇ ಇತ್ತು. ಆ ಇಂಜೆಕ್ಷನ್ನಿನಲ್ಲಿ ಅದು ನಿರೀಕ್ಷಿತ. ಕಾಪರ್-ಟಿ ಹಾಕಿಸಿದ ಮೊದಲ ತಿಂಗಳುಗಳಲ್ಲಿ, ಗರ್ಭನಿರೋಧಕ ಮಾತ್ರೆ ಹೊಸದಾಗಿ ಶುರು ಮಾಡಿದಾಗ ಅಥವಾ ನಡುವೆ ಮರೆತಾಗ, ತುರ್ತು ಮಾತ್ರೆ ನುಂಗಿದ ಮೇಲೂ ಹೀಗಾಗುತ್ತೆ. ಥೈರಾಯ್ಡ್ ಏರುಪೇರಾದರೂ ಮುಟ್ಟಿನ ಲೆಕ್ಕ ತಪ್ಪುತ್ತೆ. ಮಾತ್ರೆಗಳ ಹೆಸರನ್ನೂ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ ಅನ್ನೋದು ಇದಕ್ಕೇ. ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಸೋಂಕು ಇರಬಹುದು, ತಡ ಮಾಡಬೇಡಿ. ಮುಟ್ಟು ನಿಂತು ವರ್ಷ ಕಳೆದವರಿಗೆ ಒಂದೇ ಒಂದು ಹನಿ ಕಂಡರೂ ಕ್ಯಾಲೆಂಡರ್ ಬೇಡ, ನೇರ ಡಾಕ್ಟರ ಹತ್ತಿರ. ಅತ್ತೆಗೂ ಇದನ್ನು ಹೇಳಿಟ್ಟಿದ್ದೇನೆ.

ಪ್ಯಾಪ್ ಸ್ಮಿಯರ್ ಮಾಡಿಸುವವರು ಮುಟ್ಟು ಇಲ್ಲದ ದಿನ ನೋಡಿಕೊಂಡು ಹೋಗಿ. ಹಿಂದಿನ ಎರಡು ದಿನ ಕೂಡುವುದು, ಒಳಗೆ ಕ್ರೀಮು ಮಾತ್ರೆ ಇಡುವುದು, ಒಳಗೆ ನೀರು ಹಾಕಿ ತೊಳೆಯುವುದು ಬೇಡ. ಖರ್ಚಿನ ಚಿಂತೆ ಇದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಐಎ ಪರೀಕ್ಷೆ ಮಾಡುತ್ತಾರಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭಕೋಶದ ಬಾಯಿಗೆ ವಿನೆಗರಿನಂಥ ದ್ರಾವಣ ಹಚ್ಚಿ, ಬಿಳಿ ಮಚ್ಚೆ ಏಳುತ್ತಾ ಅಂತ ನೋಡುವ ಪರೀಕ್ಷೆ ಅದು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡುತ್ತಾರೆ. ಆದರೆ ಅದು ಏನೂ ತೊಂದರೆ ಇಲ್ಲದವರಿಗೂ ಮಾಡುವ ತಪಾಸಣೆ. ಕಲೆ ಕಾಣುತ್ತಿರುವವರು ಅದನ್ನು ಬಾಯಿಬಿಟ್ಟು ಹೇಳಿ, ಡಾಕ್ಟರ ಕೈಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ.