ನೆನಪಿನ ಶಕ್ತಿ ಕಾಯಲು ರಕ್ತದೊತ್ತಡದಿಂದ ಆರಂಭಿಸುವುದು ಹೇಗೆ?

ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದರೆ ಅಥವಾ ಚಿಲ್ಲರೆ ಎಣಿಸಲು ತಡವರಿಸಿದರೆ ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಮರೆವಿನ ಕಾಯಿಲೆಗೆ ವಯಸ್ಸೊಂದೇ ಕಾರಣವಲ್ಲ. ತಿದ್ದಿಕೊಳ್ಳಬಹುದಾದ 14 ಅಪಾಯಗಳನ್ನು ನಿವಾರಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಅಂದಾಜಿಸಿದೆ. ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ ಮತ್ತು ಮೈಚಟುವಟಿಕೆಯ ಕೊರತೆ ಆ ಪಟ್ಟಿಯಲ್ಲಿವೆ.

ಕೋಲಾರ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಗುರಿಯೊಂದಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ಅಧ್ಯಯನ ನಡೆಸುತ್ತಿದೆ. ಅಲ್ಲಿ ನೆನಪಿನ ಪರೀಕ್ಷೆಯ ಜೊತೆಗೆ ರಕ್ತಪರೀಕ್ಷೆಯೂ ನಡೆಯುತ್ತದೆ. ಹಾಗೇಕೆಂದು ತಿಳಿದರೆ ಮುಂದಿನ ಹೆಜ್ಜೆಗಳು ಸುಲಭವಾಗಿ ಅರ್ಥವಾಗುತ್ತವೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ಮಿದುಳಿನ ಒಳಭಾಗಕ್ಕೆ ರಕ್ತ ಒಯ್ಯುವ ನಾಳಗಳು ಬಹಳ ಸಪೂರ. ವರ್ಷಗಟ್ಟಲೆ ಒತ್ತಡ ಹೆಚ್ಚಿದ್ದರೆ ಅವುಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ನಾಳದ ಒಳಪದರವೂ ಕೆಡುತ್ತದೆ. ಬೋರ್‌ವೆಲ್‌ನ ಗಡಸು ನೀರಿನಿಂದ ಡ್ರಿಪ್ ಪೈಪು ಕಟ್ಟಿಕೊಂಡಾಗ ಸಾಲಿನ ಕೊನೆಯ ಗಿಡ ಮೊದಲು ಬಾಡುವಂತೆ, ಇಲ್ಲಿಯೂ ತುದಿಯ ನಾಳಗಳನ್ನು ನಂಬಿದ ಭಾಗವೇ ಮೊದಲು ಸೊರಗುತ್ತದೆ. ಆದ್ದರಿಂದಲೇ ಇಂಥವರಲ್ಲಿ ಹೆಸರು ಮರೆಯುವುದಕ್ಕಿಂತ ಮುಂಚೆ ಯೋಚನೆ ನಿಧಾನವಾಗುವುದು, ಲೆಕ್ಕ ತಪ್ಪುವುದು, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಲಾಗದಿರುವುದು ಕಾಣಿಸಬಹುದು.

ಮೊದಲ ಹೆಜ್ಜೆ ಅಳತೆ. ಅದನ್ನು ನಲವತ್ತರ ಹರೆಯದಲ್ಲೇ ಆರಂಭಿಸಬೇಕು. ಬಸ್ ಇಳಿದು ಬಿಸಿಲಿನಲ್ಲಿ ನಡೆದು ಬಂದು ತಕ್ಷಣ ತೋಳು ಚಾಚಿದರೆ ಸರಿಯಾದ ಬಿ.ಪಿ. ಸಿಗುವುದಿಲ್ಲ. ಅಳತೆಗೆ ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಬೇಕು. ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಪಟ್ಟಿಯನ್ನು ಬಟ್ಟೆಯ ಮೇಲಲ್ಲದೆ ಬರಿಯ ತೋಳಿಗೆ ಸುತ್ತಿಸಿಕೊಂಡು, ಒಂದೆರಡು ನಿಮಿಷ ಬಿಟ್ಟು ಎರಡನೇ ಸಲವೂ ನೋಡಿ ಎರಡೂ ಅಂಕಿಗಳನ್ನು ಬರೆದಿಡಬೇಕು. ಬೇರೆ ಬೇರೆ ದಿನಗಳಲ್ಲಿ ಆಸ್ಪತ್ರೆಯಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯ ಮಾತು ಆಡಲೇಬೇಕು.

ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ಮಟ್ಟ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. 30 ವರ್ಷ ದಾಟಿದವರಿಗೆ ಬಿ.ಪಿ. ಮತ್ತು ಸಕ್ಕರೆಯ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಿನ ತಿಳಿಯುತ್ತದೆ.

ಎರಡನೆಯದು ಮಾತ್ರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿಯಾಗುವುದು ಇಲ್ಲಿಯೇ. ‘ಬಿ.ಪಿ. ನಾರ್ಮಲ್ ಬಂತು’ ಎಂದು ಮಾತ್ರೆ ಬಿಡುವವರು ಬಹಳ. ಅದು ನಾರ್ಮಲ್ ಆಗಿರುವುದು ಆ ಮಾತ್ರೆಯಿಂದಲೇ. ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ, ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯ ಗುಂಪಿನಲ್ಲಿ ಬುದ್ಧಿಶಕ್ತಿಯ ಆರಂಭಿಕ ಕುಸಿತ ಶೇ 19ರಷ್ಟು ಕಡಿಮೆಯಿತ್ತು. ಆ ಪ್ರಯೋಗದಲ್ಲಿ ಮಧುಮೇಹಿಗಳು ಇರಲಿಲ್ಲವಾದ್ದರಿಂದ ತಮ್ಮ ಗುರಿ ಎಷ್ಟೆಂದು ಪ್ರತಿಯೊಬ್ಬರೂ ವೈದ್ಯರನ್ನೇ ಕೇಳಬೇಕು. ಹಿರಿಯರಲ್ಲಿ ಸಕ್ಕರೆ ತೀರಾ ಇಳಿಯುವುದೂ ಮಿದುಳಿಗೆ ಕೆಡುಕು. ಬೆವರು, ನಡುಕ, ಗಲಿಬಿಲಿ ಕಂಡರೆ ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಬೇಕು.

ಊಟದ ವಿಷಯದಲ್ಲಿ ನಮ್ಮ ಮಸ್ಸೊಪ್ಪು, ಹುರುಳಿ, ಅವರೆಕಾಳು ಒಳ್ಳೆಯವೇ. ರಾಗಿ ಮುದ್ದೆಯೂ ಒಳ್ಳೆಯದು. ಆದರೆ ಅದರಲ್ಲಿಯೂ ಪಿಷ್ಟವೇ ಹೆಚ್ಚಾದ್ದರಿಂದ ಮಧುಮೇಹಿಗಳು ಮುದ್ದೆಯನ್ನು ಚಿಕ್ಕದು ಮಾಡಿ ಕಾಳು, ಸೊಪ್ಪು ಹೆಚ್ಚಿಸಿಕೊಳ್ಳಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕದಲ್ಲೇ ಬರುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು.

ಮರೆವು ಈಗಾಗಲೇ ಕಂಡಿದ್ದರೆ ತಡಮಾಡಬೇಡಿ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಸೇರಿವೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳು, ಬಿ.ಪಿ. ಬರೆದಿಟ್ಟ ಪುಸ್ತಕ ಮತ್ತು ರೋಗಿಯ ಜೊತೆ ದಿನವೂ ಇರುವವರೊಬ್ಬರು ಇರಲಿ. ಬಿ12, ಥೈರಾಯ್ಡ್, ಕಿವಿ ಕೇಳಿಸುವಿಕೆಯ ಪರೀಕ್ಷೆಯನ್ನೂ ಕೇಳಿ; ಇವುಗಳ ಕೊರತೆಯೂ ಮರೆವಿನಂತೆಯೇ ಕಾಣಬಹುದು. ಆದರೆ ಮುಖ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಸೋತರೆ ಅಥವಾ ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು: ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶವಿರುತ್ತದೆ.